ಪೋಡಿನ ದಾರಿಯ ಆಶಾ

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಸೀಮೆಯಲ್ಲಿ ಆರೋಗ್ಯ ಸೇವೆ ಎಂದರೆ ಮೊದಲು ನಡಿಗೆ. ಊರುಗಳೇ ದೂರ ದೂರ. ಕಾಡಂಚಿನ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು, ಇನ್ನೂ ಒಳಗೆ.

ಕೋವಿಡ್ ಹರಡುತ್ತಿದ್ದಂತೆ 2020ರ ಮಾರ್ಚ್ 13ರಿಂದ ಭಾರತ ಬಹುತೇಕ ವೀಸಾಗಳನ್ನು ತಡೆಹಿಡಿಯಿತು. ಹಳ್ಳಿಗಾಡಿನ ಆರೋಗ್ಯದ ಪಾಠ ಕಲಿಯಲು ಹೊರದೇಶಗಳಿಂದ ಕರ್ನಾಟಕಕ್ಕೆ ಬರುವ ವಿದ್ಯಾರ್ಥಿಗಳ ದಾರಿಯೂ ಮುಚ್ಚಿತು. ರೋಗ ಹರಡುವ ಲೆಕ್ಕವನ್ನು ಆನ್‌ಲೈನ್‌ನಲ್ಲಿ ಕಲಿಯಬಹುದು. ಹೆದರಿ ಬಾಗಿಲು ಅರೆ ತೆರೆದು ನಿಂತ ಅಜ್ಜಿಯನ್ನು ಮಾತಿಗೆಳೆಯುವುದನ್ನು ಅಲ್ಲಿ ಕಲಿಯಲಾಗದು.

ಆ ಕೆಲಸ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರದು. ಚಾಮರಾಜನಗರ ಜಿಲ್ಲೆಯಲ್ಲಿ ಮೊದಲ ಕೋವಿಡ್ ಪ್ರಕರಣ ಕಂಡದ್ದು 2020ರ ಜೂನ್‌ನಲ್ಲಿ, ರಾಜ್ಯದ ಉಳಿದೆಲ್ಲ ಜಿಲ್ಲೆಗಳ ನಂತರ. ಮನೆಮನೆ ಸಮೀಕ್ಷೆ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಅಂಕಿ ನಿಲ್ಲುವವರೆಗೂ ಕಾಯಬೇಕಿತ್ತು. ಕೈ ತಣ್ಣಗಿದ್ದರೆ ಉಜ್ಜಿ, ಬೆಚ್ಚಗಾದ ಮೇಲೆ ಮತ್ತೆ ನೋಡಬೇಕಿತ್ತು. ಕೆಮ್ಮು ಇದೆಯೇ ಎಂದು ಕೇಳುತ್ತಲೇ ಬಾಣಂತಿಯ ಊಟ, ಮಗುವಿನ ಚುಚ್ಚುಮದ್ದನ್ನೂ ವಿಚಾರಿಸಬೇಕಿತ್ತು.

ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಮುಷ್ಕರ ಹೂಡಿದರು. ನ್ಯಾಯವಾದ ಬೇಡಿಕೆಯೇ ಅದು: ಕಾಯಿಲೆಗೆ ಎಲ್ಲರಿಗಿಂತ ಹತ್ತಿರ ನಿಂತವರಿಗೆ ಸರ್ಕಾರದ ಲೆಕ್ಕದಲ್ಲಿ ಸಂಬಳವೇ ಇರಲಿಲ್ಲ, ಇದ್ದದ್ದು ಪ್ರೋತ್ಸಾಹಧನ ಮತ್ತು ಗೌರವಧನ ಮಾತ್ರ.