ಅಥಾರಿಟಿ: ಯೆಸ್

ನಾನು ಏನು ಕೆಲಸ ಮಾಡ್ತೀನಿ ಅಂತ ಅಪ್ಪನಿಗೆ ಅರ್ಥ ಮಾಡಿಸೋಕೆ ಒಂದು ವರ್ಷ ಬೇಕಾಯ್ತು.

"ಅಂದ್ರೆ ನೀನು ಮಾರೋದೂ ಇಲ್ಲ, ಕೊಳ್ಳೋದೂ ಇಲ್ಲ?"

"ಇಲ್ಲಪ್ಪ. ಮಾರೋರನ್ನೂ ಕೊಳ್ಳೋರನ್ನೂ ಅರ್ಧ ಗಂಟೆ ಎದುರುಬದುರು ಕೂರಿಸ್ತೀನಿ."

"ಓ, ಜಾತಕ ಹಿಡ್ಕೊಂಡು ಮನೆಮನೆಗೆ ಬರ್ತಿದ್ರಲ್ಲ, ಹಾಗೆ!"

ಹಾಗೇ. ಅಮೆರಿಕದ ಸಾಫ್ಟ್‌ವೇರ್ ಕಂಪನಿಗಳ ಸೇಲ್ಸ್‌ನವರಿಗೆ ಗುರುತಿಲ್ಲದವರಿಗೆಲ್ಲ ಫೋನ್ ಮಾಡುತ್ತಾ ಕೂರೋಕೆ ಪುರುಸೊತ್ತಿಲ್ಲ. ಆ ಕೆಲಸವನ್ನು ಬೆಂಗಳೂರಿನ ನಮ್ಮಂಥವರಿಗೆ ಕೊಡುತ್ತಾರೆ. ಚಳಿಗಾಲದಲ್ಲಿ ಅಲ್ಲಿನ ಬೆಳಗಿನ 9 ಅಂದ್ರೆ ನಮಗೆ ಸಂಜೆ 7.30. ಮಾರ್ಚ್‌ನಲ್ಲಿ ಅವರು ಗಡಿಯಾರ ತಿರುಗಿಸಿದರೆ ನಮ್ಮ ಕ್ಯಾಬೂ ಒಂದು ಗಂಟೆ ಮುಂಚೆ ಬರುತ್ತೆ. ನಂದಿನಿ ಆಗಿದ್ದ ನಾನು ಹೆಡ್‌ಸೆಟ್ ಹಾಕಿದ ಕೂಡಲೇ ನ್ಯಾನ್ಸಿ.

ದಿನಕ್ಕೆ 80 ಕಾಲ್. ಬಹುಪಾಲು ವಾಯ್ಸ್‌ಮೇಲ್. ಉಳಿದದ್ದರಲ್ಲಿ ರಿಸೆಪ್ಷನಿಸ್ಟ್ ದಾಟಿದರೆ ಪುಣ್ಯ. ಯಾರಾದರೂ ಮಾತಿಗೆ ಸಿಕ್ಕರೆ ನಾಲ್ಕು ವಿಷಯ ತಿಳ್ಕೋಬೇಕು: ಬಜೆಟ್, ಅಥಾರಿಟಿ, ನೀಡ್, ಟೈಮ್‌ಲೈನ್. ದುಡ್ಡಿದೆಯಾ, ನಿರ್ಧಾರ ಇವರದ್ದೇನಾ, ನಿಜವಾಗಿ ಬೇಕಾ, ಯಾವಾಗ ಬೇಕು. ಐಬಿಎಂ ಕಾಲದ ಹಳೇ ಸೂತ್ರ ಇದು. ನಾಲ್ಕಕ್ಕೂ ಟಿಕ್ ಬಿದ್ದರೆ ಅಪಾಯಿಂಟ್‌ಮೆಂಟ್. ಹೇಳಿದ ಹೊತ್ತಿಗೆ ಆ ಮನುಷ್ಯ ಬಂದು ಕೂತರೆ ಮಾತ್ರ ಲೆಕ್ಕಕ್ಕೆ, ಇಲ್ಲದಿದ್ದರೆ ನೋ-ಶೋ. ಸೇಲ್ ಆಗುತ್ತೋ ಬಿಡುತ್ತೋ, ಅದು ನಮ್ಮ ತಲೆನೋವಲ್ಲ. ಮದುವೆ ಮುರಿದರೆ ಬ್ರೋಕರ್ ಕಮಿಷನ್ ವಾಪಸ್ ಕೊಡ್ತಾನಾ ಹೇಳಿ?

ಡಿಸೆಂಬರ್ ಕೊನೆ ವಾರ. ಇನ್ಸೆಂಟಿವ್‌ಗೆ ಒಂದೇ ಒಂದು ಮೀಟಿಂಗ್ ಕಮ್ಮಿ. ಓಹಾಯೋದ ಒಂದು ಸಣ್ಣ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋ ಒಬ್ಬರು ಸಿಕ್ಕರು. ವಯಸ್ಸಾದ ದನಿ. ನಡುವೆ ಕಟ್ ಮಾಡಲಿಲ್ಲ, ಬೈಯಲಿಲ್ಲ. ಬ್ಯಾಕಪ್ ವಾರಕ್ಕೆರಡು ಸಲ ಕೈಕೊಡುತ್ತೆ, ರಾತ್ರಿ ತಾನೇ ಬಂದು ಸರಿ ಮಾಡಬೇಕು ಅಂದರು. "ಆದರೆ ನಿರ್ಧಾರ ನನ್ನದಲ್ಲಮ್ಮ, ಮಾಲೀಕರದ್ದು" ಅಂತಲೂ ಎರಡು ಸಲ ಸ್ಪಷ್ಟವಾಗಿ ಹೇಳಿದರು.

ನಾನು ಅಥಾರಿಟಿ ಕಾಲಂನಲ್ಲಿ 'ಯೆಸ್' ಒತ್ತಿದೆ.

ಮೀಟಿಂಗ್ ನಡೆಯಿತು. ಟೀಮ್ ಲೀಡರ್ ಚಪ್ಪಾಳೆ ತಟ್ಟಿಸಿದರು. ಇನ್ಸೆಂಟಿವ್‌ನಲ್ಲಿ ಅಪ್ಪನಿಗೆ ಕನ್ನಡಕ ಬಂತು.

ಎರಡು ದಿನ ಬಿಟ್ಟು ನ್ಯಾನ್ಸಿಗೆ ಒಂದು ಮೇಲ್. ಸೇಲ್ಸ್‌ನವನು ಮೊದಲು ಕೇಳಿದ್ದೇ ಚೆಕ್‌ಗೆ ಸಹಿ ಯಾರದ್ದು ಅಂತ. ಮಾಲೀಕರದ್ದು ಅಂದ ಮೇಲೆ ನಾಲ್ಕು ನಿಮಿಷದಲ್ಲಿ ಕಾಲ್ ಮುಗಿಯಿತಂತೆ. "ನಾನು ನಿಮಗೆ ಮೊದಲೇ ಹೇಳಿದ್ದೆನಲ್ಲ" ಅಂತ ಬರೆದಿದ್ದರು, ಅಷ್ಟೇ. ಜೊತೆಗೆ ಆ ಮೀಟಿಂಗಿಗೆ ಅಂತ ಟೈಪ್ ಮಾಡಿಟ್ಟುಕೊಂಡಿದ್ದ ಎರಡು ಪುಟ. ಯಾವ ತಾರೀಖು ಯಾವ ಸರ್ವರ್ ಕೈಕೊಟ್ಟಿತು, ಸರಿ ಮಾಡೋಕೆ ಎಷ್ಟು ಗಂಟೆ ಹಿಡಿಯಿತು, ಎಲ್ಲ. ಬಹುಶಃ ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಲೀಡ್ ಕ್ಲೈಂಟ್ ಕೈಗೆ ಹೋದ ಮೇಲೆ ನಾವು ಸಂಪರ್ಕಿಸುವಂತಿಲ್ಲ, ರೂಲ್. ಆದರೂ ಬ್ರೇಕ್‌ನಲ್ಲಿ ರಿಪ್ಲೈ ತೆರೆದು, ತಪ್ಪು ನನ್ನದೇ, ನೀವು ಹೇಳಿದ್ದು ನಾನು ಕೇಳಿಸಿಕೊಂಡಿದ್ದೆ ಅಂತ ಬರೆದೆ. ಕೊನೆಗೆ ಹೆಸರು ಹಾಕಬೇಕಲ್ಲ. ಆ ಕಂಪನಿಯ ಸಿಗ್ನೇಚರ್ ತಾನಾಗೇ ಕೂತಿತ್ತು: ನ್ಯಾನ್ಸಿ. ಅದನ್ನು ಅಳಿಸಿ ನಂದಿನಿ ಅಂತ ಟೈಪ್ ಮಾಡಿ ಕಳಿಸಿದೆ.

ಉತ್ತರ ಬರಲಿಲ್ಲ. ಸಿಸ್ಟಮ್‌ನಲ್ಲಿ ಅವರ ಹೆಸರಿನ ಮುಂದೆ ಆ 'ಯೆಸ್' ಈಗಲೂ ಇದೆ. ತಿದ್ದೋ ಪರ್ಮಿಷನ್ ನಮ್ಮ ಲಾಗಿನ್‌ಗಿಲ್ಲ.