ಹೇತುವಿನಂತೆ ತೋರುವುದು

ಕೆಲವು ವರ್ಷಗಳ ಹಿಂದಿನ ಮಾತು. ಎಂ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಪಂಪನ ಕರ್ಣನನ್ನು ಕುರಿತು ಸೊಗಸಾದ ಪ್ರಬಂಧ ಬರೆದು ತಂದಳು. ಪರೀಕ್ಷೆಗಳಲ್ಲಿ ಆಕೆಯ ಅಂಕಗಳು ಸದಾ ಕಡಿಮೆ. "ಇಷ್ಟು ಚೆನ್ನಾಗಿದೆ, ಆದ್ದರಿಂದ ಇದು ನಿನ್ನದಲ್ಲ" ಎಂದು ಎಲ್ಲರೆದುರೇ ಹೇಳಿಬಿಟ್ಟೆ. ಆಕೆ ವಾದಿಸಲಿಲ್ಲ. ಮರುದಿನ ಹೊಡೆದುಹಾಕಿದ ಸಾಲುಗಳಿಂದ ತುಂಬಿದ ಮೂರು ಕರಡುಗಳನ್ನು ಮೇಜಿನ ಮೇಲಿಟ್ಟು ಹೋದಳು.

ಅದೇ ವಾರ ಮಹಿಮಭಟ್ಟನ ಅನುಮಾನವಾದವನ್ನು ಬೋಧಿಸುತ್ತ ಹೇತ್ವಾಭಾಸಗಳನ್ನು ವಿವರಿಸಿದ್ದೆ. ನ್ಯಾಯಸೂತ್ರವು ಅವುಗಳನ್ನು 5 ಬಗೆಯೆಂದರೆ, ಮಾಣಿಕ್ಯನಂದಿಯ 'ಪರೀಕ್ಷಾಮುಖ'ವು 4 ಎನ್ನುತ್ತದೆ. ಎರಡರಲ್ಲಿಯೂ ಅನೈಕಾಂತಿಕಕ್ಕೆ ಸ್ಥಾನವುಂಟು. ಸಾಧ್ಯವಿರುವೆಡೆಯಲ್ಲಿಯೂ ಇಲ್ಲದೆಡೆಯಲ್ಲಿಯೂ ಕಾಣಿಸಿಕೊಳ್ಳುವ ಹೇತು ಅದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಅಂತೆಯೇ ಸೊಗಸು ನಕಲಿನಲ್ಲಿಯೂ ಇರಬಹುದು, ಸ್ವಂತ ಬರಹದಲ್ಲಿಯೂ ಇರಬಹುದು. ಈ ನಿದರ್ಶನವನ್ನು ಕರಿಹಲಗೆಯ ಮೇಲೆ ಬರೆದವನಿಗೇ ಅದು ತನ್ನ ಮಾತಿನಲ್ಲಿ ಕಾಣಲಿಲ್ಲ.

ಏಕೆಂದರೆ ನಾನು ಹೇತುವಿನಿಂದ ನಿರ್ಣಯಕ್ಕೆ ಬಂದಿರಲಿಲ್ಲ; ಮೊದಲೇ ಆಗಿಹೋದ ನಿರ್ಣಯಕ್ಕೆ ಹೇತುವನ್ನು ಹುಡುಕಿದ್ದೆ. ಮನೆಯ ಮಾತುಕತೆಯಲ್ಲಿ, ಸಂಶೋಧನೆಯಲ್ಲಿ ನಾವು ಎಡವುವುದೂ ಬಹುಮಟ್ಟಿಗೆ ಹೀಗೆಯೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ಗಾದೆ. ನಾನಾದರೋ ಕಾಣದೆಯೇ ತೀರ್ಪಿತ್ತಿದ್ದೆ.

ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ಕ್ಷಮೆ ಕೇಳಿದೆ. ಆಕೆ ತಲೆದೂಗಿದಳು. ಆದರೆ ಮುಂದೆಂದೂ ತನ್ನ ಬರಹವನ್ನು ನನಗೆ ತೋರಿಸಲಿಲ್ಲ. ಇಂದಿಗೂ 'ಆದ್ದರಿಂದ' ಎಂಬ ಪದ ನಾಲಿಗೆಗೆ ಬಂದಾಗ ಆ ಕರಡುಗಳು ನೆನಪಾಗುತ್ತವೆ.