ಮೈನಸ್ 517

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ಮುಳಿಹುಲ್ಲಿನ ಮಾಡಿನ ಹಳೆಯ ಕೊಠಡಿ, 1956ರ ಬಳಿಕ ಕಾಸರಗೋಡಿನ ಕನ್ನಡ ಪಟ್ಟ ಪಾಡು ಇವುಗಳನ್ನೇ ಬರೆಯೋಣವೆಂದಿದ್ದೆ. ಅವನ್ನು ಇತರರು ನನಗಿಂತ ಚೆನ್ನಾಗಿ ಬರೆದಾರು. ನಾನು ಬರೆಯಹೊರಟಿರುವುದು ಒಂದು ಸಂಖ್ಯೆಯ ವಿಚಾರ.

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕಾಣಲು ಬಂದಿದ್ದ. ಬೆಂಗಳೂರಿನಲ್ಲಿ ಲಿನಕ್ಸ್ ಎಂಬ ಗಣಕ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಡ್ರೈವರ್‌ಗಳನ್ನು ಬರೆಯುವ ಉದ್ಯೋಗ ಅವನದು. "ಬಸ್ಸಿನ ಡ್ರೈವರ್ ಅಲ್ಲ ಮಾಷ್ಟ್ರೇ" ಎಂದು ನಕ್ಕ. "ಏಳನೆಯ ತರಗತಿಯವರೆಗೆ ಇಲ್ಲಿ ಕಲಿತವನಲ್ಲವೇ ನೀನು? ಕನ್ನಡದಲ್ಲಿಯೇ ವಿವರಿಸು" ಎಂದೆ. ತಡವರಿಸಿದನಾದರೂ ವಿವರಿಸಿದ.

ಗಣಕದೊಳಗಿನ ಉಪಕರಣವು ಪ್ರೊಸೆಸರಿನ ಗಮನ ಸೆಳೆಯಬೇಕಾದರೆ ಅದಕ್ಕೊಂದು ಇಂಟರಪ್ಟ್ ಸಂಖ್ಯೆ ಬೇಕು. ತರಗತಿಯಲ್ಲಿ ಕೈಯೆತ್ತುವ ಹುಡುಗನ ಹಾಜರಿ ಸಂಖ್ಯೆಯಂತೆ. ಡ್ರೈವರ್ ತನ್ನ ಕೆಲಸದ ಆರಂಭದಲ್ಲಿ ಆ ಸಂಖ್ಯೆಯನ್ನು ಕರ್ನೆಲ್‌ನಲ್ಲಿ ಕೇಳುತ್ತದೆ. ದೊರೆತರೆ ಉತ್ತರ ಧನಸಂಖ್ಯೆ. ದೊರೆಯದಿದ್ದರೆ ಋಣಸಂಖ್ಯೆ, ಮತ್ತು ಆ ಋಣಸಂಖ್ಯೆಯೇ ಕಾರಣವನ್ನು ಹೇಳುತ್ತದೆ. ಮೈನಸ್ 6 ಎಂದರೆ ಅಂಥದ್ದು ಇಲ್ಲವೇ ಇಲ್ಲ. ಮೈನಸ್ 517 ಎಂದರೆ, ಇಂಟರಪ್ಟ್‌ಗಳನ್ನು ನೋಡಿಕೊಳ್ಳುವ ಘಟಕ ಇನ್ನೂ ಸಿದ್ಧವಾಗಿಲ್ಲ, ಆಮೇಲೆ ಬಾ. 2012ರಲ್ಲಿ ಬಂದ ಈ ಏರ್ಪಾಡಿನಂತೆ, ಡ್ರೈವರ್ 517 ಎಂದು ತಿಳಿಸಿದರೆ ಕರ್ನೆಲ್ ಆ ಉಪಕರಣವನ್ನು ಕಾಯುವವರ ಪಟ್ಟಿಯಲ್ಲಿರಿಸಿ ಮತ್ತೊಮ್ಮೆ ಕರೆಯುತ್ತದೆ.

ತೊಡಕು ಇರುವುದು ನಡುವಿನವರಲ್ಲಿ. ಎಷ್ಟೋ ಡ್ರೈವರ್‌ಗಳು ಯಾವ ಋಣಸಂಖ್ಯೆ ಬಂದರೂ ಅದನ್ನು ಬಿಸುಟು, ತಮ್ಮದೇ ಆದ ಮೈನಸ್ 19ನ್ನು, ಎಂದರೆ "ಅಂಥ ಉಪಕರಣವಿಲ್ಲ" ಎಂಬುದನ್ನು, ಮೇಲಕ್ಕೆ ವರದಿ ಮಾಡುತ್ತಿದ್ದುವಂತೆ. ಮತ್ತೆ ಕರೆಯುವವರಿಲ್ಲ. ಕೆಲವರು ಉತ್ತರವನ್ನು ಋಣಚಿಹ್ನೆಗೆ ಎಡೆಯಿಲ್ಲದ ಜಾಗದಲ್ಲಿ ಬರೆದಿಡುತ್ತಿದ್ದರು. ಆಗ ಮೈನಸ್ 517 ಎಂಬುದು 4294966779 ಆಗಿ, ಸೊನ್ನೆಗಿಂತ ಕಡಿಮೆಯೇ ಎಂಬ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೇ ಇಲ್ಲ. ಇನ್ನು ಸೊನ್ನೆಯ ಕತೆ ಬೇರೆ. ಅದು ಸಿಂಧುವಾದ ಇಂಟರಪ್ಟ್ ಸಂಖ್ಯೆಯಲ್ಲ. ಆದರೆ ಡ್ರೈವರ್ ತನ್ನ ವರದಿಯಲ್ಲಿ ಸೊನ್ನೆ ಕೊಟ್ಟರೆ "ಯಶಸ್ವಿ" ಎಂದರ್ಥ! ತಪ್ಪೆಂದು ಗುರುತಿಸಿದ ಸೊನ್ನೆಯನ್ನೇ ಹಾಗೆಯೇ ಮೇಲಕ್ಕೆ ಕಳುಹಿಸಿದರೆ, ಸೊನ್ನೆ ಅಂಕದವನು ತೇರ್ಗಡೆಯಾದಂತೆ. ನಾನು ಮನಸಾರೆ ನಕ್ಕೆ.

ಆದರೆ 517ರ ಮಾತಿಗೆ ನಗಲಾಗಲಿಲ್ಲ.

1990ರ ಜೂನ್. ನಾನು ಮುಖ್ಯೋಪಾಧ್ಯಾಯನಾದ ಹೊಸತು. ಬೀಡಿ ಕಟ್ಟುವ ತಾಯಿಯೊಬ್ಬಳು ಮಗನನ್ನು ಆರನೆಯ ತರಗತಿಗೆ ಸೇರಿಸಲು ಕರೆತಂದಿದ್ದಳು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬಂದಿರಲಿಲ್ಲ. "ಪತ್ರ ಬಂದ ಮೇಲೆ ಹೇಳಿಕಳುಹಿಸುತ್ತೇವೆ ಅಮ್ಮಾ" ಎಂದೆ. ಆದರೆ ಕಚೇರಿಯ ಚೀಟಿಯಲ್ಲಿ, ಗಡಿಬಿಡಿಯಲ್ಲಿ, "ಪ್ರವೇಶವಿಲ್ಲ" ಎಂದಷ್ಟೇ ಬರೆದೆ. ವಾರದೊಳಗೆ ಪತ್ರ ಅಂಚೆಯಲ್ಲಿ ಬಂತು. ನನ್ನ ಚೀಟಿಯನ್ನು ನೋಡಿದ ಗುಮಾಸ್ತರು ಅದನ್ನು ಕಡತಕ್ಕೆ ಸೇರಿಸಿ ಕಟ್ಟಿಟ್ಟರು. ಅವರದೇನೂ ತಪ್ಪಿಲ್ಲ. ಡಿಸೆಂಬರಿನ ತಪಾಸಣೆಗೆಂದು ಕಡತ ಬಿಚ್ಚಿದಾಗ ಪತ್ರ ನನ್ನ ಕೈಗೆ ಸಿಕ್ಕಿತು. ಅಂದೇ ಸಂಜೆ ಅವರ ಮನೆಗೆ ನಡೆದೆ. ಹುಡುಗ ಮಂಗಳೂರಿನ ಹೋಟೆಲೊಂದರಲ್ಲಿ ಮೇಜು ಒರೆಸುತ್ತಿದ್ದ. "ನೀವು ಹೇಳಿಕಳುಹಿಸುತ್ತೀರೆಂದು ಓಣಂ ರಜೆಯವರೆಗೆ ಕಾದೆವು ಮಾಷ್ಟ್ರೇ" ಎಂದಳು ಆ ತಾಯಿ. ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟಳು.

ಇದನ್ನು ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಆ ದಿನ ಶಿಷ್ಯನಿಗೆ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ತಿದ್ದಿದ ಒಂದು ಡ್ರೈವರನ್ನು ಗಣಕದ ಪರದೆಯಲ್ಲಿ ತೋರಿಸಿದ. ತಿದ್ದುಪಡಿ ಒಂದೇ ಸಾಲಿನದು: ಮೈನಸ್ 19ನ್ನು ಅಳಿಸಿ, ಬಂದ ಉತ್ತರವನ್ನೇ ಮೇಲಕ್ಕೆ ಕೊಡುವುದು.

"ಆಮೇಲೆ ಆ ಉಪಕರಣ ಕೆಲಸಕ್ಕೆ ಬಂತೇ?" ಎಂದು ಕೇಳಿದೆ.

"ಎರಡನೆಯ ಕರೆಗೇ ಬಂತು ಮಾಷ್ಟ್ರೇ."

ಮಹೋತ್ಸವದ ಆಮಂತ್ರಣಕ್ಕಾಗಿ ಸಮಿತಿಯವರು ಪ್ರವೇಶ ಪುಸ್ತಕದಿಂದ ಹೆಸರುಗಳನ್ನು ಇಳಿಸಿಕೊಳ್ಳುತ್ತಿದ್ದಾರೆ. ಆ ಹುಡುಗನ ಹೆಸರು ಅದರಲ್ಲಿಲ್ಲ. ಅವನಿಗೆಂದು ಆಮಂತ್ರಣ ಪತ್ರವೊಂದನ್ನು ನಾನು ಕೇಳಿ ಪಡೆದಿದ್ದೇನೆ. ವಿಳಾಸ ಮಾತ್ರ ಇನ್ನೂ ದೊರೆತಿಲ್ಲ.